ಮಷೀನು ತಿರುಗುವಷ್ಟು ಕಾಲ

ಹಳೇ ಕಂಪ್ರೆಸರು ತಂದು ನನ್ನ ಶೆಡ್ಡಿನ ಮುಂದೆ ಇಳಿಸುವವರಿಗೆ ನಾನು ಮೊದಲು ಬೈಯುತ್ತೇನೆ, ಆಮೇಲೆ ನಟ್ಟು ಬಿಚ್ಚುತ್ತೇನೆ. ಶಿರಸಿಯಲ್ಲಿ ಇದು ಎಲ್ಲರಿಗೂ ಗೊತ್ತು. "ರವೀಂದ್ರ ಬೈದ ಅಂದ್ರೆ ರಿಪೇರಿ ಆದ ಲೆಕ್ಕ" ಎಂದು ಟೈರಿನಂಗಡಿಯವರು ನಗಾಡುತ್ತಾರೆ. ನಗಲಿ, ಅವರಿಗೇನು! ಒಂದು ವಾಷರ್ರಿಗಾಗಿ ಊರೂರು ಅಲೆಯುವವನು ನಾನು. ಗಾಳಿ ತುಂಬುವ ಮಷೀನೆಂದರೆ ಜನರಿಗೆ ಅಷ್ಟು ಸಸಾರ. ಅದರೊಳಗೂ ಪಿಸ್ಟನ್ನು, ರಿಂಗು, ಕ್ರ್ಯಾಂಕು ಎಲ್ಲ ಇದೆ, ಅದೂ ಸವೆಯುತ್ತದೆ ಎಂದರೆ ಹೌದಾ ಎಂದು ಕಣ್ಣು ಕಣ್ಣು ಬಿಡುತ್ತಾರೆ. ಆದರೆ ನಾಗಿಯ ಮಷೀನಿನ ವಿಷಯದಲ್ಲಿ ನನ್ನ ಬೈಗುಳವೂ ಕೆಲಸಕ್ಕೆ ಬರಲಿಲ್ಲ, ನಟ್ಟು ಬಿಚ್ಚುವ ಪಾನವೂ ಕೆಲಸಕ್ಕೆ ಬರಲಿಲ್ಲ.

ನಾಗಿಯದು ಯಲ್ಲಾಪುರಕ್ಕೆ ಹೋಗುವ ರಸ್ತೆಯಲ್ಲಿ, ಹುಲಗೋಳದ ಹತ್ತಿರ, ಬಸ್ಸು ನಿಲ್ಲುವ ಜಾಗದ ಪಕ್ಕದ ಪಂಕ್ಚರ್ ಅಂಗಡಿ. ಗಂಡ ಹೊನ್ನ ತೀರಿಕೊಂಡ ಮೇಲೆ ಟೈರು ಬಿಚ್ಚುವವಳೂ ಅವಳೇ, ಟ್ಯೂಬಿಗೆ ಪ್ಯಾಚು ಹಾಕುವವಳೂ ಅವಳೇ. ರಿಮ್ಮಿನ ಸಂದಿಗೆ ಕಬ್ಬಿಣದ ಪಟ್ಟಿ ಸಿಕ್ಕಿಸಿ ಅದರ ಮೇಲೆ ಒಮ್ಮೆ ಎಗರಿ ನಿಂತಳೆಂದರೆ ಲಾರಿ ಡ್ರೈವರುಗಳು ಹಿಂದೆ ಸರಿಯುತ್ತಾರೆ. ಅಂಗಡಿಯ ಬೆನ್ನಿಗೇ ಒಂದು ಕೋಣೆ, ಒಂದು ಅಡುಗೆಮನೆ. ಅದೇ ಅವಳ ಮನೆ. ಬೇರೆ ಎಲ್ಲಿಯೂ ಅವಳಿಗೆ ಒಂದು ಗೇಣು ಜಾಗ ಇಲ್ಲ.

ಆ ಜಾಗವಾದರೂ ಅವಳದ್ದೇ? ಅದೂ ಅಲ್ಲ. ರಸ್ತೆಯ ಆಚೆ ತೋಟ ಇರುವ ರಾಮ ಹೆಗಡೆಯವರದ್ದು. ಹೊನ್ನ ಎಲ್ಲಿಂದಲೋ ಕಂಪ್ರೆಸರು ತಂದು ಕೂರಿಸಿದ ದಿನ ಹೆಗಡೆಯವರೇ ಬಂದು ಕಾಯಿ ಒಡೆದು, ಬಸ್ಸಿಗೆ ಕಾದು ನಿಂತವರೆಲ್ಲರ ಎದುರು ಒಂದು ಮಾತು ಹೇಳಿದರಂತೆ. "ಹೊನ್ನಾ, ಈ ಮಷೀನು ತಿರುಗುವಷ್ಟು ಕಾಲ ಈ ಜಾಗ ನಿಂದು. ನಾನೂ ಎಬ್ಬಿಸೋದಿಲ್ಲ, ನನ್ನ ಮಕ್ಕಳೂ ಎಬ್ಬಿಸೋದಿಲ್ಲ." ಖುಷಿಯಲ್ಲಿ ಆಡಿದ ದೊಡ್ಡ ಮಾತು. ಸೂರ್ಯಚಂದ್ರರಿರುವ ತನಕ ಎನ್ನುವ ಬದಲು ಹೆಗಡೆಯವರು ಮಷೀನು ತಿರುಗುವ ತನಕ ಎಂದರು, ಅಷ್ಟೇ. ಎರಕದ ಕಬ್ಬಿಣದ ಆ ದಾಂಡಿಗ ಮಷೀನನ್ನು ನೋಡಿದವರಿಗೆ ಅದೊಂದು ದಿನ ನಿಂತೀತು ಎಂದು ಯಾಕೆ ಅನಿಸಬೇಕು? ಹೊನ್ನ ಆ ಮಾತನ್ನು ತಲೆಯ ಮೇಲೆ ಹೊತ್ತುಕೊಂಡ. ಹೆಗಡೆಯವರೂ ಸಾಯುವವರೆಗೆ ಅದರಂತೆ ನಡೆದುಕೊಂಡರು.

ಈಗ ತೋಟ ನೋಡುವವನು ಅವರ ಮಗ ಚಿರಂತನ. ಒಳ್ಳೆಯ ಹುಡುಗ, ಸುಳ್ಳು ಯಾಕೆ ಹೇಳಲಿ. ಅವನಿಗೆ ಅಡಿಕೆ ಸುಲಿಯುವ ಮಷೀನು ಕೂರಿಸಲು ಒಂದು ದೊಡ್ಡ ಶೆಡ್ಡು ಕಟ್ಟಬೇಕಿತ್ತು. ಲಾರಿ ಬಂದು ನಿಲ್ಲುವಂಥ ಜಾಗ ಅವನ ಹತ್ತಿರ ಇದ್ದದ್ದು ರಸ್ತೆ ಬದಿಯ ಇದೊಂದೇ. ಅಪ್ಪನ ಮಾತು ಇದೆಯಲ್ಲ ಎಂದು ಸುಮ್ಮನಿದ್ದ. ಅಂಥ ಹೊತ್ತಿನಲ್ಲಿ ನಾಗಿಯ ಮಷೀನು ಗಾಳಿ ಹಿಡಿಯುವುದನ್ನು ಬಿಟ್ಟಿತು.

ನಾನು ಇಸಳೂರಿನ ಮನೆಯಿಂದ ಶೆಡ್ಡಿಗೆ ಹೊರಟು ಬೈಕಿನ ಮೇಲೆ ಕೂತಿದ್ದೆ, ಫೋನು ಬಂತು.

"ರವೀಂದ್ರಣ್ಣ, ತಿರುಗ್ತದೆ, ಆದ್ರೆ ಗಾಳಿ ಏರುದಿಲ್ಲ. ಮೀಟರಿನ ಮುಳ್ಳು ಅಲ್ಲಾಡುದೇ ಇಲ್ಲ."

"ಹೊಸದು ತಗೊ ತಗೊ ಅಂತ ಬಡ್ಕೊಂಡೆ. ನಿಂಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ!"

"ಹೊಸದು ತಂದ್ರೆ ಹೆಗಡೇರ ಮಾತು ಅಲ್ಲಿಗೆ ಮುಗೀತಲ್ಲ ಅಣ್ಣ. ಮತ್ತೆ ನಾನು ಎಲ್ಲಿಗೆ ಹೋಗುದು?"

ಬೈಕನ್ನು ಹುಲಗೋಳದ ಕಡೆಗೆ ತಿರುಗಿಸಿದೆ.

ಟ್ಯಾಂಕಿನ ಮೇಲಿನ ಪಂಪಿನ ಹೆಡ್ಡು ಬಿಚ್ಚಿದರೆ ವಾಲ್ವ್ ಪ್ಲೇಟು ಸೀಳು ಬಿಟ್ಟಿತ್ತು. ಅಂಗೈ ಅಗಲದ ಉಕ್ಕಿನ ತಟ್ಟೆ ಅದು. ಒಳಗೆ ಬಂದ ಗಾಳಿ ಬಂದ ದಾರಿಯಲ್ಲೇ ವಾಪಸ್ಸು ಓಡದ ಹಾಗೆ ತಡೆಯುವುದು ಅದರ ಕೆಲಸ. ಅದನ್ನು ಬೆಸೆಯಲು ಬರುವುದಿಲ್ಲ, ಹೊಸದೇ ಬೇಕು. ಹೊಸದಕ್ಕೆ ಮಾಡೆಲ್ ನಂಬರು ಬೇಕು. ನಂಬರು ಇರುವುದು ಟ್ಯಾಂಕಿನ ಪಕ್ಕದಲ್ಲಿ ಬಡಿದ ಹಿತ್ತಾಳೆಯ ಬಿಲ್ಲೆಯ ಮೇಲೆ. ಬಗ್ಗಿ ನೋಡಿದೆ. ಬಿಲ್ಲೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನನ್ನ ಮೂಗು ಕಂಡಿತು, ನಂಬರು ಕಾಣಲಿಲ್ಲ.

"ಇದರ ಮೇಲೆ ಬರ್ದಿದ್ದೆಲ್ಲ ಎಲ್ಲಿ ಹೋತು ಮಾರಾಯ್ತಿ?"

"ಆಯುಧ ಪೂಜೆಗೆ ತಿಕ್ಕುದಲ್ಲ ಅಣ್ಣ, ಹುಣಸೆಹಣ್ಣು ಬೂದಿ ಹಾಕಿ. ಅವ್ರು ಇದ್ದಾಗ ಅವ್ರು ತಿಕ್ತಿದ್ರು, ಈಗ ನಾನು ತಿಕ್ತೆ."

"ದೀಪದ ಕಂಬ ತಿಕ್ಕಿದ ಹಾಗೆ ತಿಕ್ಕಿದ್ಯಲ್ಲ! ಅದು ಮಷೀನಿನ ಜಾತಕ. ಅದನ್ನೇ ತೊಳ್ದು ಹಾಕಿದ್ಯಲ್ಲ!"

"ದೇವ್ರು ಅಂತ ತಿಕ್ಕಿದ್ದು" ಎಂದಳು ನಾಗಿ, ಸಣ್ಣ ದನಿಯಲ್ಲಿ. "ಕಪ್ಪಾಗಿ ಇಡ್ಲಿಕ್ಕೆ ಆಗ್ತದ್ಯಾ?"

ಸಿಟ್ಟು ನೆತ್ತಿಗೇರಿತು. ಆದರೆ ಮಾರನೇ ದಿನ ನನ್ನ ಶೆಡ್ಡಿಗೆ ಹೋಗಿ ನನ್ನದೇ ಡ್ರಿಲ್ಲಿಂಗ್ ಮಷೀನಿನ ಬಿಲ್ಲೆ ನೋಡುತ್ತೇನೆ, ಅದರದ್ದೂ ಅರ್ಧ ಅಕ್ಷರ ಹೋಗಿದೆ! ನನ್ನ ಹೆಂಡತಿ ನೇತ್ರಾ ವರ್ಷ ವರ್ಷ ಬಂದು ಭಕ್ತಿಯಿಂದ ತಿಕ್ಕಿ, ಕುಂಕುಮ ಇಟ್ಟು ಹೋಗುತ್ತಾಳೆ. ಇನ್ನು ನಾಗಿಗೆ ಯಾವ ಬಾಯಲ್ಲಿ ಬೈಯುವುದು?

ಆ ಮಷೀನು ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿದೆ. ಒಂದೇ ಮೈಕಟ್ಟಿನಲ್ಲಿ ಅವರು ಮೂರ್ನಾಲ್ಕು ಅಳತೆಯ ಮಷೀನು ಬಿಟ್ಟಿದ್ದರು; ಹೊರಗಿನಿಂದ ಎಲ್ಲ ಅಣ್ಣತಮ್ಮಂದಿರ ಹಾಗೆ, ಒಳಗೆ ಒಂದರದ್ದು ಒಂದಕ್ಕೆ ಕೂರುವುದಿಲ್ಲ. ಹುಬ್ಬಳ್ಳಿಯ ಬಿಡಿಭಾಗದ ಅಂಗಡಿಗೆ ಫೋನು ಮಾಡಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ, ನಂಬರು ಎಷ್ಟು. ನಂಬರು ಇಲ್ಲ, ಅಳತೆ ಹೇಳುತ್ತೇನೆ ಎಂದೆ. ನಂಬರು ಹೇಳಿ ಎಂದ. ಅಯ್ಯೋ ದೇವರೇ, ಫೋಟೋ ಕಳಿಸುತ್ತೇನೆ ನೋಡು ಮಾರಾಯ ಎಂದೆ. ವಾಟ್ಸಾಪಿನಲ್ಲಿ ಎದುರಿನಿಂದ, ಪಕ್ಕದಿಂದ, ಸ್ಕೇಲು ಇಟ್ಟು, ಇಡದೆ, ಎಲ್ಲ ಥರದ ಫೋಟೋ ಹೋಯಿತು. ಅವನು ಅದನ್ನು ಕೊಯಮತ್ತೂರಿಗೆ ಕಳಿಸಿ, ಅಲ್ಲಿಂದ ಒಂದು ಪ್ಲೇಟು ಕೊರಿಯರಿನಲ್ಲಿ ಬಂತು. ನಾನು ಪೊಟ್ಟಣ ಬಿಚ್ಚುವಾಗ ನಾಗಿ ಕೈ ಮುಗಿದುಕೊಂಡೇ ನಿಂತಿದ್ದಳು. ಇಟ್ಟು ನೋಡಿದರೆ ಬೋಲ್ಟಿನ ತೂತು ಒಂದು ಕೂರುತ್ತದೆ, ಇನ್ನೊಂದು ಕಿರುಬೆರಳಿನಷ್ಟು ಆಚೆ.

"ಸ್ವಲ್ಪ ತಿಕ್ಕಿದ್ರೆ ಕೂರುದಿಲ್ವಾ ಅಣ್ಣ?"

"ನೀನು ಇನ್ನು ಏನನ್ನೂ ತಿಕ್ಕಬೇಡ, ದಮ್ಮಯ್ಯ."

ಅವಳಿಗೂ ನಗು ಬಂತು, ನನಗೂ ಬಂತು. ಆಗಿನ್ನೂ ನಗುವ ಹಾಗೆ ಇದ್ದೆವು.

ಆಮೇಲೆ ಯಲ್ಲಾಪುರಕ್ಕೆ ಹೋದೆ. ಹೆದ್ದಾರಿಯ ಪಕ್ಕ ಲಾರಿಗಳು ನಿಲ್ಲುವಲ್ಲಿ ಗ್ಯಾರೇಜುಗಳ ಸಾಲೇ ಇದೆ. ಒಂದೊಂದರ ಹಿತ್ತಿಲು ಹೊಕ್ಕು ನೋಡಿದೆ. "ಓಹೋ, ಇದನ್ನ ವಸ್ತುಸಂಗ್ರಹಾಲಯಕ್ಕೆ ಕೊಡು ಅಣ್ಣಾ, ಜೊತೆಗೆ ನೀನೂ ಅಲ್ಲೇ ಕೂತ್ಕೋ" ಎಂದು ಒಬ್ಬ ತಮಾಷೆ ಮಾಡಿದ. ಅವನ ಹಲ್ಲು ಎಣಿಸಿ ಕೈಗೆ ಕೊಡಬೇಕು ಅನಿಸಿತು. ಇನ್ನೊಂದು ಕಡೆ ಅಂಥದ್ದೇ ಮಷೀನು ಇತ್ತಂತೆ. ಹೋಗಿ ನೋಡಿದರೆ ಟ್ಯಾಂಕನ್ನು ಕೊಯ್ದು ಬಚ್ಚಲಿನ ಹಂಡೆ ಮಾಡಿಕೊಂಡಿದ್ದಾರೆ, ಮೇಲಿನ ಪಂಪು ಕರಗಿ ಯಾವ ಊರಿನಲ್ಲಿ ಏನಾಗಿದೆಯೋ. ಆ ಮನೆಯವರು ಪಾಪ, ಹಂಡೆಯಲ್ಲಿ ನೀರು ಬೇಗ ಕಾಯುತ್ತದೆ ಎಂದು ಹೊಗಳಿದರು. ನಾನು ಹೌದು ಹೌದು ಎಂದು ಚಾ ಕುಡಿದು ಬಂದೆ.

ಕಡೆಗೆ ಸಿದ್ದಾಪುರದ ಗುಜರಿಯಲ್ಲಿ ಸಿಕ್ಕಿತು. ಗುಜರಿ ಸಂಜಯ ನನಗೆ ಹಳೇ ಪರಿಚಯ. ಅವನ ರಾಶಿಯನ್ನು ನಾನೇ ಕೆದಕಿದೆ. ಮುರಿದ ಸೈಕಲ್ಲು, ಪಂಪ್‌ಸೆಟ್ಟಿನ ಚಿಪ್ಪು, ಯಾರದೋ ಹೊಲಿಗೆ ಮಷೀನಿನ ಕಾಲು, ಅವುಗಳ ಅಡಿಯಲ್ಲಿ ಎಣ್ಣೆಜಿಡ್ಡು ಹಿಡಿದ ಒಂದು ಹೆಡ್ಡು. ಬಿಚ್ಚಿದರೆ ಒಳಗೆ ಪ್ಲೇಟು! ಜೇಬಿನಿಂದ ನಾಗಿಯ ಒಡೆದ ಪ್ಲೇಟು ತೆಗೆದು ಅದರ ಮೇಲಿಟ್ಟೆ. ತೂತಿಗೆ ತೂತು ಕೂತಿತು. ಆ ಬಿಸಿಲಿನಲ್ಲಿ, ಆ ತುಕ್ಕಿನ ನಡುವೆ ನಾನು ಸಣ್ಣ ಹುಡುಗನ ಹಾಗೆ ಕುಣಿದೆ.

"ಎಂತ, ಬಂಗಾರ ಸಿಕ್ಕಿತಾ?" ಎಂದ ಸಂಜಯ.

"ಬಂಗಾರ ಯಾವ ಮೂಲೆಗೆ ಮಾರಾಯ!" ಎಂದೆ.

ಪ್ಲೇಟು ಕೂರಿಸಿದ ದಿನ ಚಿರಂತನನೂ ಬಂದಿದ್ದ. ಮಷೀನು ಕೆಟ್ಟದ್ದು ಅವನ ಕಿವಿಗೆ ಬಿದ್ದಿತ್ತು. ಗಾಳಿಯ ಮುಳ್ಳು ಏರುವುದನ್ನು ಎಲ್ಲರ ಜೊತೆ ನಿಂತು ನೋಡಿದ. "ಸರಿ ಆಯ್ತಲ್ಲ ನಾಗಕ್ಕ, ಒಳ್ಳೇದಾಯ್ತು. ಅಪ್ಪ ಹೇಳಿದ ಮಾತು ನಾನು ತಪ್ಪಿಸೋದಿಲ್ಲ. ಮಷೀನು ತಿರುಗುವಷ್ಟು ಕಾಲ ಅಂದ್ರೆ ತಿರುಗುವಷ್ಟು ಕಾಲ" ಎಂದು ತನ್ನ ಬೈಕಿಗೇ ಗಾಳಿ ಹಾಕಿಸಿಕೊಂಡು ಹೋದ. ಮುಖದಲ್ಲಿ ಬೇಸರ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನಾಗಿ ಅವತ್ತು ನನಗೆ ಅವಲಕ್ಕಿ ಮಾಡಿ ಕೊಟ್ಟಳು, ಮೇಲೆ ಮೊಸರು ಬೇರೆ.

ಆ ವಾರ ಇನ್ನೂ ಮುಗಿದಿರಲಿಲ್ಲ. ಒಂದು ಟಿಪ್ಪರಿನ ಟೈರಿಗೆ ಗಾಳಿ ಹಾಕುವಾಗ ಮಷೀನಿನೊಳಗೆ ಯಾರೋ ಸುತ್ತಿಗೆಯಿಂದ ಹೊಡೆದ ಹಾಗೆ ಸದ್ದಾಯಿತಂತೆ. ಪಿಸ್ಟನ್ನನ್ನು ಹಿಡಿದಿರುವ ರಾಡು ತುಂಡಾಗಿ, ತಿರುಗುವ ರಭಸಕ್ಕೆ ಎರಕದ ಮೈಯನ್ನೇ ಒಡೆದುಕೊಂಡು ಹೊರಗೆ ಬಂದಿತ್ತು. ನಾನು ಹೋದಾಗ ಎಣ್ಣೆಯೆಲ್ಲ ನೆಲಕ್ಕೆ ಹರಿದಿತ್ತು. ಪ್ಲೇಟಿನ ತಪ್ಪಲ್ಲ, ಯಾರ ತಪ್ಪೂ ಅಲ್ಲ. ಕಬ್ಬಿಣಕ್ಕೂ ಮುಪ್ಪು ಇದೆ. ಮನುಷ್ಯರಾದರೆ ಮೊದಲು ಮೊಣಕಾಲು, ಆಮೇಲೆ ಕಣ್ಣು ಎಂದು ಒಂದೊಂದಾಗಿ ಹೇಳಿಕೊಂಡು ಹೋಗುತ್ತದೆ. ಇದು ಒಂದೇ ಏಟಿಗೆ ಹೋಯಿತು. ನಾಗಿ ಗೋಣಿಚೀಲದಿಂದ ಎಣ್ಣೆ ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು.

"ಹೇಳು ಅಣ್ಣ, ಎಂತ ಮಾಡುದು?"

ಏನು ಹೇಳಲಿ? ಇನ್ನು ಪ್ಲೇಟಲ್ಲ, ಇಡೀ ಪಂಪೇ ಬೇಕು. ಅಂದರೆ ಇಂಥದ್ದೇ ಇನ್ನೊಂದು ಮಷೀನು. ಬೈಯಲು ಯಾರಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು. ಯಾರೂ ಇರಲಿಲ್ಲ.

ಸಂಜಯನಿಗೆ ಫೋನು ಮಾಡಿದೆ. ಅವನಿಗೆ ಒಬ್ಬಳ ನೆನಪಾಯಿತು. ದಾಸನಕೊಪ್ಪದ ಆಚೆ ಒಂದು ಹಳ್ಳಿಯಲ್ಲಿ ಗುರುಶಾಂತವ್ವ ಎಂಬ ಹೆಂಗಸು. ಅವಳ ಮನೆಯ ಕೊಟ್ಟಿಗೆಯಲ್ಲಿ ಅಂಥದ್ದೊಂದು ಇದೆ. ಗುಜರಿಗೆ ಕೊಡುತ್ತೀಯಾ ಎಂದು ಕೇಳಿದ್ದಕ್ಕೆ ಬಾಯಿಗೆ ಬಂದ ಹಾಗೆ ಬೈದು ಓಡಿಸಿದ್ದಳಂತೆ. ಬೈಯುವವರೆಂದರೆ ನನಗೆ ಮೊದಲಿನಿಂದಲೂ ವಿಶ್ವಾಸ. ಒಂದು ಪಿಕಪ್ಪು ಮಾಡಿಕೊಂಡು ಹೊರಟೆ. ನಾಗಿ ಅಂಗಡಿಗೆ ಬಿದಿರಿನ ತಟ್ಟಿ ಕಟ್ಟಿ, ತಾನೂ ಬರುತ್ತೇನೆಂದು ಹತ್ತಿದಳು.

ಗುರುಶಾಂತವ್ವ ಬೈಯಲಿಲ್ಲ. "ಬರ್ರಿ, ಒಳಗ ಬರ್ರಿ. ಬಿಸಲಾಗ ಬಂದೀರಿ, ಕುಂಡ್ರಿ" ಎಂದು ಚಾಪೆ ಹಾಸಿದಳು. ವಿಷಯ ಹೇಳಿದ್ದು ನಾಗಿಯೇ. ಗಂಡ, ಮಷೀನು, ಹೆಗಡೆಯವರ ಮಾತು, ಎಲ್ಲ. ಗುರುಶಾಂತವ್ವ ಸೆರಗನ್ನು ಬಾಯಿಗೆ ಹಿಡಿದು ಕೇಳಿದಳು. ಅವಳ ಗಂಡನೂ ಇಂಥದ್ದೇ ಅಂಗಡಿ ಇಟ್ಟಿದ್ದನಂತೆ. ಅವನು ಹೋದ ಮೇಲೆ ಮಷೀನಿಗೆ ಎಣ್ಣೆ ಬಿಟ್ಟು, ಚಾದರ ಹೊದಿಸಿ ಇಟ್ಟಿದ್ದಳು. ಚಾದರ ತೆಗೆದರೆ ಅಡಿಯಲ್ಲಿ ಒಂದು ಕೋಳಿ ಕಾವು ಕೂತಿತ್ತು. ಚಕ್ರ ಕೈಯಿಂದ ತಿರುಗಿಸಿದೆ. ಬೆಣ್ಣೆಯ ಹಾಗೆ ತಿರುಗಿತು. ನಾಗಿಯ ಕಡೆ ನೋಡಿದೆ, ಅವಳ ಕಣ್ಣು ತುಂಬಿತ್ತು.

"ಮೇಲಿನ ಪಂಪಷ್ಟೇ ಸಾಕು ಅವ್ವಾ, ಇಲ್ಲೇ ಬಿಚ್ಕೊಂಡು ಹೋಗ್ತೇನೆ" ಎಂದು ಪಾನ ತೆಗೆದೆ.

"ಏ ತಡೀರಿ! ಬಿಚ್ಚಬ್ಯಾಡ್ರಿ. ಕೈ ಒಂದ್ ಕಡೆ ಕಾಲ್ ಒಂದ್ ಕಡೆ ಮಾಡಿ ಕೊಡಾಕ ಇದೇನ್ ಕಸಾಯಿಖಾನಿ ಏನ್ರಿ? ಒಯ್ಯೂದಿದ್ರ ಇಡೀ ಒಯ್ರಿ. ಇಲ್ಲಾಂದ್ರ ಬ್ಯಾಡ."

"ಇಡೀ ಮಷೀನು ಬೇಡ, ಅವ್ವಾ..." ಎಂದು ನಾನು ರಾಗ ತೆಗೆದೆ. ಅವಳು ಕೇಳಿಸಿಕೊಳ್ಳಲೇ ಇಲ್ಲ. ಒಳಗೆ ಹೋಗಿ ಅರಿಷಿಣ ಕುಂಕುಮ, ಅಕ್ಕಿ, ಎಲೆ ಅಡಿಕೆ, ಹಸಿರು ಖಣ ತಂದಳು. ಮಷೀನಿಗೆ ಉಡಿ ತುಂಬಿದಳು! ಮಗಳನ್ನು ಗಂಡನ ಮನೆಗೆ ಕಳಿಸುವಾಗ ತುಂಬುವ ಹಾಗೆ. ಖಣದಲ್ಲಿ ಎಲ್ಲ ಕಟ್ಟಿ, ಟ್ಯಾಂಕಿನ ಕುತ್ತಿಗೆಗೆ ಬಿಗಿದು, ನಾಗಿಯ ಕೈ ಹಿಡಿದುಕೊಂಡು ಹೇಳಿದಳು: "ಉಡಿ ತುಂಬಿದ್ದು ದಾರ್ಯಾಗ ಎಲ್ಲೂ ಇಳೀಬಾರ್ದವ್ವಾ. ಸೀದಾ ನಿನ್ನ ಮನಿಗೇ ಹೋಗಬೇಕು. ದೀಪ ಹಚ್ಚಿ ಒಳಗ ಕರ್ಕೋ. ಮಾತು ಕೊಡು."

ನಾಗಿ ಮಾತು ಕೊಟ್ಟಳು.

ದಾರಿಯುದ್ದಕ್ಕೂ ನಾನು ಗೋಗರೆದೆ. ಶಿರಸಿ ದಾಟುವಾಗ ಶೆಡ್ಡಿನಲ್ಲಿ ಇಳಿಸೋಣ, ಒಳಗಿನದ್ದೆಲ್ಲ ಬಿಚ್ಚಿ ನಿನ್ನ ಮಷೀನಿಗೆ ಹಾಕಿ ಕೊಡುತ್ತೇನೆ, ರಿಪೇರಿಗೆ ಹೋದ ಮಷೀನು ರಿಪೇರಿಯಾಗಿ ಬಂತು ಎಂದಾಗುತ್ತದೆ, ಯಾರ ಬಾಯಿಗೂ ಬೀಳುವುದಿಲ್ಲ. ಎಷ್ಟು ಹೇಳಿದರೂ ಅಷ್ಟೇ.

"ಮಾತು ಕೊಟ್ಟಾಯ್ತಲ್ಲ ಅಣ್ಣ."

"ಮಾತು, ಮಾತು! ಒಬ್ಬರು ಆಡಿದ ಮಾತಿಗೆ ಇಷ್ಟೆಲ್ಲ ಆಗಿರೋದು, ಮತ್ತೊಂದು ಯಾಕೆ ಕೊಡಕ್ಕೆ ಹೋದೆ ನೀನು?"

"ಮಾತಿನ ಮೇಲೇ ಅಲ್ವಾ ನಾನು ಇಷ್ಟು ವರ್ಷ ಉಂಡಿದ್ದು. ನಾನೇ ತಪ್ಪಿದ್ರೆ ಹೆಂಗೆ?"

ಪಿಕಪ್ಪು ಹುಲಗೋಳಕ್ಕೆ ಬಂದು ನಿಂತಾಗ ಸಂಜೆಯ ಬಸ್ಸಿಗೆ ಕಾಯುವವರು ತುಂಬ ಜನ ಇದ್ದರು. ಅವರೆಲ್ಲರ ಎದುರು ಹಸಿರು ಖಣ ಉಟ್ಟ ಮಷೀನು ಇಳಿಯಿತು. ನಾಲ್ಕು ಜನ ಕೈ ಹಚ್ಚಿದರು, ನಾಗಿ ಒಳಗಿನಿಂದ ದೀಪ ತಂದಳು. "ನಾಗಿ ಬೇರೆ ಮಷೀನು ತಂದ್ಳು" ಎಂಬ ಸುದ್ದಿ ನಾವು ಹಗ್ಗ ಬಿಚ್ಚುವುದರೊಳಗೆ ರಸ್ತೆಯ ಆಚೆ ತಲುಪಿರಬೇಕು.

ಮಾರನೇ ಬೆಳಿಗ್ಗೆ ನಾನು ಕೆಲಸಕ್ಕೆ ಕೂತೆ. ಗುರುಶಾಂತವ್ವನ ಪಂಪನ್ನು ನಾಗಿಯ ಹಳೇ ಟ್ಯಾಂಕಿನ ಮೇಲೆ ಕೂರಿಸಿದರೆ ಅಷ್ಟಾದರೂ ಹೆಗಡೆಯವರು ಕಾಯಿ ಒಡೆದ ಮಷೀನು ಉಳಿಯುತ್ತದೆ ಎಂದು ನನ್ನ ಲೆಕ್ಕ. ಟ್ಯಾಂಕನ್ನು ಮಗುಚಿ ಹೊಟ್ಟೆಯ ಅಡಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ತುಕ್ಕಿನ ಹಪ್ಪಳ ಎದ್ದು ಬಂತು. ಇನ್ನೊಂದು ಸಲ ತಟ್ಟಿದರೆ ಬೆಸುಗೆಯ ಅಂಚಿನಿಂದ ನೀರು ಒಸರಿತು. ಇಷ್ಟು ದಿನ ಇವಳು ಇದರ ಪಕ್ಕದಲ್ಲೇ ಕೂತು ಟ್ಯೂಬು ಉಜ್ಜುತ್ತಿದ್ದಳಲ್ಲ! ಗಾಳಿ ತುಂಬಿದ ಟ್ಯಾಂಕು ಒಡೆದರೆ ಬಾಂಬೇ ಸೈ.

"ಇದು ಆಗೂದಿಲ್ಲ ನಾಗಿ."

"ಅದೊಂದಾದ್ರೂ ಇರ್ಲಿ ಅಣ್ಣ. ಕಾಲು ಹಿಡೀತೆ. ಅದೊಂದು ಇದ್ರೆ ಇದೇ ಮಷೀನು ಅಂತ ಹೇಳ್ಬಹುದು."

"ನಿನ್ನ ಜೀವ ನಾನೇ ತೆಗೀಲಾ? ಹೇಳು! ನನ್ನ ಕೈಯಿಂದ ಅದೊಂದು ಮಾಡಿಸ್ತ್ಯಾ?"

ನಾನು ಕಿರುಚಿದ್ದು ಅವಳ ಮೇಲಲ್ಲ. ಅವಳಿಗೂ ಗೊತ್ತಾಯಿತೋ ಏನೋ, ಸುಮ್ಮನೆ ಹೋಗಿ ಟೈರಿನ ಮೇಲೆ ಕೂತಳು. ಹಳೇ ಟ್ಯಾಂಕನ್ನು ಒಡೆದ ಪಂಪಿನ ಜೊತೆ ಹಿತ್ತಿಲಿಗೆ ಉರುಳಿಸಿದೆ. ಗುರುಶಾಂತವ್ವನ ಮಷೀನು ಹೇಗೆ ಬಂದಿತ್ತೋ ಹಾಗೆಯೇ ನಿಂತಿತು. ನಾಗಿಯದ್ದೆಂದು ಅದಕ್ಕೆ ಹಾಕಿದ್ದು ಮೋಟರು, ಬೆಲ್ಟು ಮಾತ್ರ, ಆ ಮೋಟರನ್ನೂ ಹಿಂದೊಮ್ಮೆ ನಾನೇ ಬದಲಾಯಿಸಿದ್ದೆ. ಎಣ್ಣೆ ಬದಲಾಯಿಸಿ, ಸೋರುವಲ್ಲಿ ಬಿಗಿದೆ. ಟ್ಯಾಂಕು ತುಂಬಿದ ಕೂಡಲೇ ತನ್ನಷ್ಟಕ್ಕೆ ಮೋಟರು ನಿಲ್ಲಿಸುವ ಸ್ವಿಚ್ಚು ಅದಕ್ಕಿತ್ತು, ಅದನ್ನೂ ಸರಿ ಮಾಡಿದೆ. ಬಟನ್ ಒತ್ತಿದೆ. ಒಂದೇ ಒತ್ತಿಗೆ ಹೊರಟಿತು. ಅಷ್ಟು ಚೆನ್ನಾಗಿ ತಿರುಗುವ ಹಳೇ ಮಷೀನನ್ನು ನಾನು ಕಂಡೇ ಇಲ್ಲ.

ಸದ್ದು ಕೇಳಿ ಚಿರಂತನ ರಸ್ತೆ ದಾಟಿ ಬಂದ. ಫೋನಿನಲ್ಲಿ ಹೆಂಡತಿಯ ಹತ್ತಿರ ಮನೆಮಾತಿನಲ್ಲಿ, "ಆನು ಇಲ್ಲೇ ರೋಡಲ್ಲಿ ಇದ್ದೆ, ಈಗ ಬತ್ತೆ" ಎಂದು ಹೇಳಿ ಜೇಬಿಗಿಟ್ಟ. ಬಸ್ಸಿಗೆ ನಿಂತವರು ನಾಲ್ಕಾರು ಜನ ಹತ್ತಿರ ಬಂದರು.

"ಹೊಸ ಮಷೀನು ಬಂತಲ್ಲ ನಾಗಕ್ಕ" ಎಂದ.

ನಾಗಿ ಬಾಯಿ ತೆರೆಯುವ ಮೊದಲು ನಾನೇ ಹಾರಿದೆ. "ಹೊಸದು ಎಲ್ಲಿಂದ ಬಂತು? ರಿಪೇರಿ ಮಾಡಿದ್ದು."

"ಹಳೇದು ಹಿತ್ತಿಲಲ್ಲಿ ಬಿದ್ದಿದೆ ರವೀಂದ್ರಣ್ಣ. ನೋಡಿದೆ ನಾನು."

"ಏನು ನೋಡಿದ್ದು? ನಿಮ್ಮಪ್ಪ ಇರುವಾಗಲೇ ಇದರ ಪಿಸ್ಟನ್ನು ಬದಲಾಯ್ತು, ರಿಂಗು ಬದಲಾಯ್ತು, ಮೋಟರು ಬದಲಾಯ್ತು. ಎಲ್ಲ ಈ ಕೈಯಲ್ಲೇ. ಆಗ ಯಾರಾದ್ರೂ ಇದು ಬೇರೆ ಮಷೀನು ಅಂದ್ರಾ? ನಿಮ್ಮಪ್ಪನೇ ಇಲ್ಲಿ ಕೂತು ನೋಡ್ತಿದ್ರು. ಈಗ ಉಳಿದದ್ದೂ ಬದಲಾಯ್ತು, ಅಷ್ಟೇ."

ನನಗೆ ಹುರುಪು ಬಂತು. ನನಗೇ ಗೊತ್ತಿಲ್ಲದೆ ಬಾಯಿಗೆ ಒಂದು ಒಳ್ಳೆಯ ಮಾತು ಬಂತು.

"ನಿಮ್ಮ ತೋಟ ಇದೆಯಲ್ಲ, ಅದರಲ್ಲಿ ನಿಮ್ಮಜ್ಜ ನೆಟ್ಟ ಅಡಿಕೆ ಮರ ಈಗ ಎಷ್ಟಿದೆ? ಸತ್ತ ಮರದ ಬುಡಕ್ಕೆ ಸಸಿ ಇಟ್ರಿ, ಅದು ಮುರಿದ್ರೆ ಮತ್ತೊಂದು ಇಟ್ರಿ. ಒಂದೂ ಹಳೇ ಮರ ಇಲ್ಲ. ಆದ್ರೂ ಅಜ್ಜನ ತೋಟ ಅಂತೀರೋ ಇಲ್ವೋ? ತೋಟ ಅದೇ ಹೌದೋ ಅಲ್ವೋ? ಹೇಳಿ ಈಗ!"

"ಹೌದಲ! ಸರಿ ಅದೆ ಮಾತು" ಎಂದ ಬಸ್ಸಿಗೆ ನಿಂತಿದ್ದ ಒಬ್ಬ ಮುದುಕ. ಇನ್ನಿಬ್ಬರು ತಲೆಯಾಡಿಸಿದರು. ನಾಗಿ ಎದ್ದು ನಿಂತಿದ್ದಳು. ಅವಳ ಮುಖದಲ್ಲಿ ಬೆಳಕು ಬಂದದ್ದನ್ನು ನಾನು ಕಂಡೆ. ಗೆದ್ದೆ ಅಂದುಕೊಂಡೆ. ದೇವರಾಣೆ, ಗೆದ್ದೇಬಿಟ್ಟೆ ಅಂದುಕೊಂಡೆ.

ಚಿರಂತನ ತೋಟದ ಕಡೆ ತಿರುಗಿ ನೋಡಿದ. ನಿಜವಾಗಿ ಯೋಚಿಸುತ್ತಿದ್ದ, ಆಟಕ್ಕಲ್ಲ.

"ತೋಟ ಅದೇ. ಹೌದು" ಎಂದ ನಿಧಾನವಾಗಿ. "ಮರ ಎಲ್ಲ ಬದಲಾದ್ರೂ ತೋಟ ಅದೇ ಯಾಕೆ ಹೇಳಿ? ಅಡಿಯಲ್ಲಿರೋ ನೆಲ ಅದೇ, ಅದಕ್ಕೆ. ನೆಲ ನಮ್ಮದು." ಅಂಗಡಿಯ ಕಡೆ ತಿರುಗಿದ. "ಇಲ್ಲಿ ಅಡಿಯಲ್ಲಿ ನಾಗಕ್ಕಂದು ಅಂತ ಏನಿದೆ ರವೀಂದ್ರಣ್ಣ?"

ಕುಹಕಕ್ಕೆ ಹೇಳಿದ್ದಲ್ಲ. ಹೇಳಿದ ಮೇಲೆ ಅವನೇ ಬೆಚ್ಚಿದ ಹಾಗೆ ಕಂಡ; ನಾಗಿಯ ಮುಖ ನೋಡಲಾರದೆ ಚಪ್ಪಲಿ ನೋಡಿಕೊಂಡ. ಜೀವಮಾನವಿಡೀ ಮಾತಿಗೆ ಮಾತು ಕೊಟ್ಟವನು ನಾನು, ಬಗ್ಗಿ ಬಿಗಿದಿದ್ದ ಬೋಲ್ಟನ್ನೇ ಮತ್ತೊಮ್ಮೆ ಬಿಗಿದೆ. ಬಸ್ಸು ಬಂತು. ತಲೆಯಾಡಿಸಿದವರೆಲ್ಲ ಹತ್ತಿ ಹೋದರು, ಮುದುಕನೂ ಹೋದ.

"ಅಡಿಕೆ ಕೊಯ್ಲು ಮುಗಿಯುವವರೆಗೆ ಇರಿ ನಾಗಕ್ಕ. ಅವಸರ ಇಲ್ಲ" ಎಂದು ಚಿರಂತನ ರಸ್ತೆ ದಾಟಿದ.

ಅಷ್ಟರಲ್ಲಿ ಟ್ಯಾಂಕು ತುಂಬಿತು. ಸ್ವಿಚ್ಚು ಟಕ್ಕೆಂದು, ಮಷೀನು ತನ್ನಷ್ಟಕ್ಕೆ ನಿಂತಿತು. ನಾಗಿ ಬೆಚ್ಚಿಬಿದ್ದು ಅದರ ಕಡೆ ನೋಡಿದಳು. ಅವಳ ಹಳೇ ಮಷೀನು ಹಾಗೆ ತಾನಾಗಿ ನಿಲ್ಲುತ್ತಿರಲಿಲ್ಲ.

"ಹಾಳಾಗ್ಲಿಲ್ಲ, ತುಂಬಿದ್ರೆ ನಿಲ್ತದೆ ಅದು. ನಿಲ್ಲಲೇಬೇಕು" ಎಂದೆ.

"ಇನ್ನೊಂದ್ ಸಲ ತಿರುಗ್ಸು ಅಣ್ಣ" ಎಂದಳು.

ತುಂಬಿದ ಗಾಳಿ ಖರ್ಚಾಗದೆ ಅದು ತಿರುಗುವುದಿಲ್ಲ. ರಸ್ತೆಯ ಎರಡೂ ಕಡೆ ನೋಡಿದೆ. ಗಾಳಿ ಹಾಕಿಸಿಕೊಳ್ಳಲು ಒಂದು ಸೈಕಲ್ಲೂ ಇರಲಿಲ್ಲ. ಬಗ್ಗಿ ಟ್ಯಾಂಕಿನ ಅಡಿಯ ನಲ್ಲಿ ತಿರುಗಿಸಿ, ಒಳಗಿದ್ದ ಗಾಳಿಯನ್ನೆಲ್ಲ ಸುಮ್ಮನೆ ಹೊರಗೆ ಬಿಟ್ಟೆ. ಮಷೀನು ಮತ್ತೆ ತಿರುಗತೊಡಗಿತು. ನಾಗಿ ಅದರ ಪಕ್ಕ ಹೋಗಿ ಕೂತಳು. ನಾನು ನಲ್ಲಿ ಮುಚ್ಚಲಿಲ್ಲ.